ನನ್ನ ಗೇಮ್‌ನಲ್ಲಿ ಫಾಸ್ಟ್ ಟ್ರಾವೆಲ್ ಹಾಕಬೇಕಾ, ಬೇಡ್ವಾ?

ದ್ವೀಪಕಾರ:

ಒಬ್ಬನೇ ಕೂತು ಒಂದು ಸಣ್ಣ ಓಪನ್ ವರ್ಲ್ಡ್ ಗೇಮ್ (ಬೇಕಾದ ಕಡೆ ಸುತ್ತಾಡುವಂಥದ್ದು) ಮಾಡುತ್ತಿದ್ದೇನೆ. ಗೊಡಾಟ್ ಅನ್ನುವ, ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ. ಕೆಲಸ ಮುಗಿದ ಮೇಲೆ ಉಳಿಯುವ ಸಮಯದಲ್ಲಿ ಮಾಡುವುದು, ಹಾಗಾಗಿ ದೊಡ್ಡದೇನಲ್ಲ. ಒಂದು ದ್ವೀಪ, ಮಧ್ಯದಲ್ಲಿ ಬೆಟ್ಟ, ದಡದ ಉದ್ದಕ್ಕೂ ಕೆಟ್ಟು ನಿಂತ ಏಳು ದೀಪಸ್ತಂಭಗಳು. ಆಡುವವರು ಅವನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಬಂದರಿನ ಪಕ್ಕ ಒಂದು ವರ್ಕ್‌ಶಾಪ್. ಅಲ್ಲಿ ಬಿಡಿಭಾಗ ತಯಾರು ಮಾಡಿ, ಬೆನ್ನಿಗೆ ಹೊತ್ತು, ನಡೆದು ಹೋಗಿ, ಜೋಡಿಸಿ, ದೀಪ ಹೊತ್ತಿಸಿ ವಾಪಸ್ ಬರಬೇಕು. ಹೊಡೆದಾಟ ಇಲ್ಲ. ಮಳೆ, ಗಾಳಿ, ಉಬ್ಬರ ಇಳಿತ ಇವೆ. ಉಬ್ಬರ ಬಂದಾಗ ದಡದ ಕೆಲವು ದಾರಿಗಳು ನೀರಿನಡಿ ಹೋಗುತ್ತವೆ. ಈ ತುದಿಯಿಂದ ಆ ತುದಿಗೆ ಸುಮ್ನೆ ನಡೆದರೆ ಒಂಬತ್ತು ನಿಮಿಷ.

ಗೆಳೆಯರಿಗೆ ಆಡಲು ಕೊಟ್ಟೆ. ಎಲ್ಲರದ್ದೂ ಒಂದೇ ಮಾತು: "ಚೆನ್ನಾಗಿದೆ, ಆದರೆ ಫಾಸ್ಟ್ ಟ್ರಾವೆಲ್ ಹಾಕು."

ಅಂದರೆ ನಡೆಯದೆ, ಮ್ಯಾಪ್‌ನಲ್ಲಿ ಒಂದು ಜಾಗ ಒತ್ತಿ ಸೀದಾ ಅಲ್ಲಿಗೆ ಹಾರುವ ಸೌಲಭ್ಯ. ನನಗೆ ಮನಸ್ಸಿಲ್ಲ. ಈ ಗೇಮ್‌ನಲ್ಲಿ ಇರುವುದೇ ನಡಿಗೆ. ಅದನ್ನೇ ಒಂದು ಬಟನ್‌ನಲ್ಲಿ ದಾಟಿಬಿಟ್ಟರೆ ಉಳಿಯುವುದೇನು, ಏಳು ಸ್ಪ್ಯಾನರ್ ಅನಿಮೇಶನ್? ಹಾಗಂತ ಎಲ್ಲರೂ ಕೇಳುತ್ತಿರುವಾಗ "ನಿಮಗೆ ತಾಳ್ಮೆ ಇಲ್ಲ" ಅಂತ ಹೇಳುವುದೂ ಸರಿಯಲ್ಲ, ಅಲ್ವಾ?

"ಇಷ್ಟ ಇದ್ದವರು ಬಳಸಲಿ, ಇಲ್ಲದವರು ಬಿಡಲಿ, ಸೆಟ್ಟಿಂಗ್ಸ್‌ನಲ್ಲಿ ಇಡು" ಅನ್ನುವ ಉತ್ತರ ಈಗಾಗಲೇ ಸಿಕ್ಕಿದೆ. ಅದರಾಚೆಗೆ ಏನಾದರೂ ಇದ್ದರೆ ಹೇಳಿ. ಯಾವ ಗೇಮ್ ಇದನ್ನು ಚೆನ್ನಾಗಿ ಮಾಡಿದೆ? ಯಾಕೆ ಚೆನ್ನಾಗಿ ಅನಿಸಿತು?

ಹಳೇಸೇವ್‌ಫೈಲ್:

ಮೊದಲು ಒಂದು ಪ್ರಶ್ನೆ. ಅವರು ಫಾಸ್ಟ್ ಟ್ರಾವೆಲ್ ಕೇಳಿದ್ದು ಯಾವಾಗ? ಆಟ ಮುಗಿಸಿ ಕೇಳಿದ್ದಲ್ಲ, ಆಡುವಾಗ ಯಾವ ಕ್ಷಣದಲ್ಲಿ ಕೈ ಮ್ಯಾಪ್ ಬಟನ್‌ಗೆ ಹೋಯಿತು? ಹೋಗುವಾಗಲೋ, ಬರುವಾಗಲೋ? ರೆಕಾರ್ಡಿಂಗ್ ಇದ್ದರೆ ನೋಡಿ ಹೇಳಿ. ನನಗೊಂದು ಅನುಮಾನ ಇದೆ. ಅದನ್ನು ಹೇಳುವ ಮೊದಲು ಸ್ವಲ್ಪ ಹಳೇ ಕತೆ. ವಯಸ್ಸಾದವರ ಹತ್ತಿರ ಪ್ರಶ್ನೆ ಕೇಳಿದರೆ ಇಷ್ಟು ಸಹಿಸಿಕೊಳ್ಳಲೇಬೇಕು.

2002ರ ಮಾರೋವಿಂಡ್ ಆಡಿದ್ದೀರಾ? ಅದರಲ್ಲಿ ಮ್ಯಾಪ್ ತೆರೆದು ಕ್ಲಿಕ್ ಮಾಡಿ ಹೋಗುವ ಸೌಲಭ್ಯ ಇಲ್ಲ. ಆದರೆ ಫಾಸ್ಟ್ ಟ್ರಾವೆಲ್ ಇಲ್ಲ ಅನ್ನುವವರು ಅದನ್ನು ಸರಿಯಾಗಿ ಆಡಿಲ್ಲ. ನನ್ನ ಲೆಕ್ಕದಲ್ಲಿ ಅಷ್ಟು ಬಗೆಯ ಫಾಸ್ಟ್ ಟ್ರಾವೆಲ್ ಇರುವ ಇನ್ನೊಂದು ಗೇಮ್ ಇಲ್ಲ. ಊರಿಂದೂರಿಗೆ ಸಿಲ್ಟ್ ಸ್ಟ್ರೈಡರ್ ಅನ್ನುವ ದೈತ್ಯ ಹುಳು. ದಡದ ಊರುಗಳ ನಡುವೆ ದೋಣಿ. ಮಾಂತ್ರಿಕರ ಸಂಘದ ಮನೆಗಳ ನಡುವೆ, ಕಾಸು ಕೊಟ್ಟರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಕಳಿಸುವವರು. ಇದೆಲ್ಲ ಒಂದಕ್ಕೊಂದು ಪೂರ್ತಿ ಕೂಡುವುದಿಲ್ಲ, ಅದೇ ಮಜಾ. ಬಾಲ್ಮೋರಾದಿಂದ ಉತ್ತರದ ತುದಿಯ ಡೇಗನ್ ಫೆಲ್‌ಗೆ ಹೋಗಬೇಕು ಅಂದುಕೊಳ್ಳಿ. ಹುಳು ಹತ್ತಿ ಆಲ್ಡ್‌ರೂನ್, ಅಲ್ಲಿಂದ ಇನ್ನೊಂದು ಹುಳು ಹಿಡಿದು ಖೂಲ್, ಖೂಲ್‌ನಿಂದ ದೋಣಿ. ಯಾರೂ ಇದನ್ನು ನಿಮಗೆ ಹೇಳಿಕೊಡುವುದಿಲ್ಲ. ಕೇಳುತ್ತಾ ಕೇಳುತ್ತಾ ತಲೆಯೊಳಗೆ ಒಂದು ರೂಟ್ ಮ್ಯಾಪ್ ತಾನೇ ಬೆಳೆಯುತ್ತದೆ. ನನ್ನ ಹತ್ತಿರ ಇನ್ನೂ ಆ ನೋಟ್‌ಬುಕ್ ಇದೆ. ಅರ್ಧ ಪುಟಗಳಲ್ಲಿ ಬಾಣದ ಗುರುತು, ಇನ್ನರ್ಧದಲ್ಲಿ ಅಂಗಡಿಯವರನ್ನು ಬೈದಿರುವುದು.

ಜೊತೆಗೆ ಮಂತ್ರಗಳು. ಒಂದು ನಿಮ್ಮನ್ನು ಹತ್ತಿರದ ದೇವಸ್ಥಾನಕ್ಕೆ ಎಸೆಯುತ್ತದೆ, ಇನ್ನೊಂದು ಹತ್ತಿರದ ಸಾಮ್ರಾಜ್ಯದ ಪೂಜಾಸ್ಥಳಕ್ಕೆ. ಮಾರ್ಕ್ ಅಂತ ಒಂದು ಜಾಗಕ್ಕೆ ಗುರುತು ಹಾಕಿಟ್ಟರೆ ರಿಕಾಲ್ ಅಂದಾಗ ಅಲ್ಲಿಗೆ ವಾಪಸ್. ಗುರುತು ಒಂದೇ. ಎರಡನೆಯದು ಹಾಕಿದರೆ ಮೊದಲನೆಯದು ಹೋಯಿತು.

ಈಗ ಗಮನಿಸಿ. ಈ ಮಂತ್ರಗಳು ಹೊಸ ಜಾಗಕ್ಕೆ ಕರೆದೊಯ್ಯುವುದು ಅಪರೂಪ. ಹೆಚ್ಚಾಗಿ ಸುರಕ್ಷಿತವಾದ, ಗೊತ್ತಿರುವ ಕಡೆಗೆ ಎಳೆದುಕೊಂಡು ಬರುತ್ತವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹಾರ್ತ್‌ಸ್ಟೋನ್ ಕೂಡ ಇದೇ: ನಿಮ್ಮ ಛತ್ರಕ್ಕೆ ವಾಪಸ್, ಮತ್ತೆ ಬಳಸಬೇಕಾದರೆ ಕಾಯಬೇಕು. ಡಾರ್ಕ್ ಸೋಲ್ಸ್‌ನ ಹೋಮ್‌ವರ್ಡ್ ಬೋನ್ ಕೊನೆಗೆ ಕೂತು ವಿಶ್ರಮಿಸಿದ ಬೆಂಕಿಯ ಹತ್ತಿರ ಬಿಡುತ್ತದೆ. ಹೋಗುವುದು ನಿಮ್ಮ ಕಾಲಲ್ಲಿ, ಬರುವುದು ನಮ್ಮ ಖರ್ಚಲ್ಲಿ. ಒಳ್ಳೆಯ ಗೇಮ್‌ಗಳು ಹೀಗೆ ಯೋಚಿಸುತ್ತವೆ ಅಂತ ನನ್ನ ವಾದ. ಹೋಗುವಾಗ ಮುಂದೇನಿದೆ ಗೊತ್ತಿಲ್ಲ, ಅದು ಪ್ರಯಾಣ. ಬರುವಾಗ ಎಲ್ಲ ಗೊತ್ತು, ಅದು ಬರೀ ಓಡಾಟ.

ನಾಲ್ಕು ವರ್ಷದ ನಂತರ, 2006ರಲ್ಲಿ, ಅದೇ ಕಂಪನಿಯ ಆಬ್ಲಿವಿಯನ್ ಬಂತು. ದೊಡ್ಡ ಊರುಗಳೆಲ್ಲ ಶುರುವಿನಿಂದಲೇ ಮ್ಯಾಪ್‌ನಲ್ಲಿ ತೆರೆದಿರುತ್ತವೆ. ಒಮ್ಮೆಯೂ ಕಾಲಿಡದ ಊರಿಗೆ ಒಂದು ಕ್ಲಿಕ್. ಬೇಡವಾದರೆ ಬಳಸಬೇಡಿ ಅಂತ ಆಗಲೂ ಹೇಳುತ್ತಿದ್ದರು. ಆದರೆ ಆ ಬಟನ್ ಇದೆ ಅಂತ ಗೊತ್ತಾದ ಮೇಲೆ ಕ್ವೆಸ್ಟ್, ಅಂದರೆ ಆಡುವವರಿಗೆ ಕೊಡುವ ಕೆಲಸಗಳನ್ನು, ಬರೆಯುವವರ ಕೈಯೂ ಬದಲಾಗುತ್ತದೆ. ಆ ಮೂಲೆಯಲ್ಲಿರುವವನಿಗೆ ಈ ಪತ್ರ ಕೊಡು, ಈ ಮೂಲೆಗೆ ಬಂದು ಹೇಳು, ಮತ್ತೆ ಆ ಮೂಲೆಗೆ ಹೋಗು. ಬಟನ್ ಒತ್ತದೆ ಆಡಿದರೆ ಇದು ಶಿಕ್ಷೆ. ಆದ್ದರಿಂದ "ಸೆಟ್ಟಿಂಗ್ಸ್‌ನಲ್ಲಿ ಇಡು" ಅನ್ನುವ ಸಲಹೆ ನನಗೆ ಒಗ್ಗುವುದಿಲ್ಲ. ಅದು ಆಡುವವರ ಆಯ್ಕೆ ಅಲ್ಲ, ಮಾಡುವವರು ತಪ್ಪಿಸಿಕೊಂಡದ್ದು.

ಮಗುಮಲಗಿದಮೇಲೆ:

ಹಳೇಸೇವ್ ಅವರೇ, ನೀವು ಹೇಳಿದ್ದೆಲ್ಲ ಚೆಂದ. ನೋಟ್‌ಬುಕ್ ಇಟ್ಟುಕೊಳ್ಳುವಷ್ಟು ಸಮಯ ಇದ್ದವರಿಗೆ.

ನನ್ನ ಹೆಸರಲ್ಲೇ ನನ್ನ ಕತೆ ಇದೆ. ಮಗಳು ಮಲಗಿದ ಮೇಲೆ ಅರ್ಧ ಗಂಟೆ, ಒಳ್ಳೆಯ ದಿನವಾದರೆ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕುದುರೆ ಮೇಲೆ ಕೂತರೆ ಆಟ ಯಾವಾಗ? "ಪ್ರಯಾಣವೇ ಆಟ" ಅನ್ನುವವರ ಮೇಲೆ ನನಗೆ ಸಣ್ಣ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಆದರೂ ದ್ವೀಪಕಾರರೇ, ನನ್ನಂಥವಳು ಫಾಸ್ಟ್ ಟ್ರಾವೆಲ್ ಕೇಳಿದಾಗ ನಿಜವಾಗಿ ಏನು ಕೇಳುತ್ತಿದ್ದಾಳೆ ಅಂತ ನೋಡಿ. ಎಷ್ಟೋ ಸಲ ಅದು "ನನಗೆ ಇಲ್ಲೇ ನಿಲ್ಲಿಸಿ ಏಳಲು ಬಿಡು" ಅನ್ನುವುದು. ಕಿಂಗ್‌ಡಮ್ ಕಮ್: ಡೆಲಿವರೆನ್ಸ್ 2018ರಲ್ಲಿ ಬಂದಾಗ, ಬೇಕಾದಾಗ ಸೇವ್ ಮಾಡಬೇಕಾದರೆ ಒಂದು ಮದ್ಯದ ಸೀಸೆ ಖರ್ಚಾಗಬೇಕಿತ್ತು, ಇಲ್ಲವಾದರೆ ಹಾಸಿಗೆ ಹುಡುಕಿ ಮಲಗಬೇಕಿತ್ತು. ಆಮೇಲೆ ಅಪ್‌ಡೇಟ್‌ನಲ್ಲಿ ಸೇವ್ ಮಾಡಿ ಹೊರಬರುವ ದಾರಿ ಕೊಟ್ಟರು. ಫಾಲೌಟ್ 4ರ ಸರ್ವೈವಲ್ ಮೋಡ್‌ನಲ್ಲಿ ಮ್ಯಾಪ್‌ನಿಂದ ಹಾರುವಂತಿಲ್ಲ, ಅದು ಮೊದಲು ಬಂದಾಗ ಮಲಗದೆ ಸೇವ್ ಕೂಡ ಆಗುತ್ತಿರಲಿಲ್ಲ. ಎರಡೂ ಸೇರಿದರೆ ನನಗೆ ಬಾಗಿಲು ಮುಚ್ಚಿದ ಹಾಗೆ. ದೂರದ ದಾರಿ ನನ್ನನ್ನು ಹೆದರಿಸುವುದಿಲ್ಲ. ಮಧ್ಯದಲ್ಲಿ ಮಗು ಎದ್ದರೆ ನಡೆದದ್ದೆಲ್ಲ ಹೋಯಿತಲ್ಲ, ಅದು ಹೆದರಿಸುತ್ತದೆ. ನಿಮ್ಮ ಗೇಮ್‌ನಲ್ಲಿ ಸೇವ್ ಹೇಗೆ?

ನನಗೆ ಇಷ್ಟವಾದದ್ದು ವಿಚರ್ 3. ದಾರಿಬದಿಯ ಕೈಕಂಬದ ಹತ್ತಿರ ನಿಂತರೆ ಮಾತ್ರ ಇನ್ನೊಂದು ಕೈಕಂಬಕ್ಕೆ ಹೋಗಬಹುದು. ಎಲ್ಲಿಂದ ಬೇಕಾದರೂ ಅಲ್ಲ. ಹಾಗಾಗಿ ಕೊನೇ ತುಂಡು ದಾರಿ ಯಾವಾಗಲೂ ನಡೆಯಬೇಕು ಅಥವಾ ಓಡಿಸಬೇಕು. ಆ ತುಂಡಿನಲ್ಲೇ ಎಷ್ಟೋ ಸಲ ಏನೋ ಕಣ್ಣಿಗೆ ಬಿದ್ದು ದಾರಿ ತಪ್ಪಿದ್ದೇನೆ, ಮಲಗುವುದೂ ತಡವಾಗಿದೆ.

ಇಷ್ಟವಾಗದ್ದು ಫಾರ್ ಕ್ರೈ 2. ಅದನ್ನು ಮೆಚ್ಚುವವರು ತುಂಬಾ ಜನ ಇದ್ದಾರೆ, ಬೈಯಲಿ. ಫಾಸ್ಟ್ ಟ್ರಾವೆಲ್ ಇದೆ, ಬಸ್ ನಿಲ್ದಾಣಗಳ ನಡುವೆ. ಉಳಿದ ದಾರಿಯಲ್ಲೆಲ್ಲ ಚೆಕ್‌ಪೋಸ್ಟ್. ಒಂದು ಚೆಕ್‌ಪೋಸ್ಟ್ ಖಾಲಿ ಮಾಡಿ ಸ್ವಲ್ಪ ದೂರ ಹೋಗಿ ಬಂದರೆ ಮತ್ತೆ ಅದೇ ಜನ, ಅದೇ ಗುಂಡು. ದಾರಿಯಲ್ಲಿ ಏನಾದರೂ "ಆಗುತ್ತಿರಬೇಕು" ಅಂತ ತುಂಬಿಸಿದರೆ ಹೀಗಾಗುತ್ತದೆ. ಖಾಲಿ ಬಿಟ್ಟಿದ್ದರೆ ಎಷ್ಟೋ ಮೇಲಿತ್ತು.

ಗುಂಡಿಒತ್ತು:

ಡ್ರ್ಯಾಗನ್ಸ್ ಡಾಗ್ಮಾ 2 ಬರುವ ಮೊದಲು ಅದರ ನಿರ್ದೇಶಕ ಹಿಡೆಯಾಕಿ ಇಟ್ಸುನೊ ಒಂದು ಸಂದರ್ಶನದಲ್ಲಿ, ಪ್ರಯಾಣ ಬೋರ್ ಅನಿಸುವುದು ನಿಮ್ಮ ಗೇಮ್ ಬೋರ್ ಆಗಿರುವುದಕ್ಕೆ ಅನ್ನುವ ಅರ್ಥದಲ್ಲಿ ಹೇಳಿದ್ದರು. 2024ರ ಮಾರ್ಚ್‌ನಲ್ಲಿ ಗೇಮ್ ಬಂದ ದಿನವೇ, ಹಾರಿ ಬಂದು ಇಳಿಯುವ ಜಾಗ ಗುರುತಿಸುವ ಪೋರ್ಟ್‌ಕ್ರಿಸ್ಟಲ್ ನಿಜವಾದ ದುಡ್ಡಿಗೆ ಸ್ಟೋರ್‌ನಲ್ಲಿ ಮಾರಾಟಕ್ಕಿತ್ತು. 😄

ಗೇಮ್ ಮಾತ್ರ ಚೆನ್ನಾಗಿದೆ. ಎತ್ತಿನ ಗಾಡಿ ಹತ್ತಿ ತೂಕಡಿಸಿದರೆ ಮಧ್ಯದಲ್ಲಿ ರಾಕ್ಷಸರು ಬಂದು ಎಬ್ಬಿಸುತ್ತಾರೆ, ಕೆಲವು ಸಲ ಗಾಡಿಯೇ ಪುಡಿ. ಅಂಥ ಫಾಸ್ಟ್ ಟ್ರಾವೆಲ್ ಹಾಕಿ ಗುರೂ.

ದ್ವೀಪಕಾರ:

ಎತ್ತಿನ ಗಾಡಿಗೆ ಅನಿಮೇಶನ್ ಮಾಡುವಷ್ಟು ಶಕ್ತಿ ನನ್ನಲ್ಲಿಲ್ಲ ಗುರೂ.

ಹಳೇಸೇವ್ ಅವರು ಕೇಳಿದಂತೆ ರೆಕಾರ್ಡಿಂಗ್‌ಗಳನ್ನು ಹಾಕಿ ನೋಡಿದೆ. ಹೋಗುವಾಗ ಮ್ಯಾಪ್ ತೆರೆಯುತ್ತಾರೆ, ಆದರೆ ದಾರಿ ನೋಡಲು. ಉಬ್ಬರ ಎಷ್ಟು ಹೊತ್ತಿಗೆ ಅಂತ ಗಡಿಯಾರ ನೋಡುತ್ತಾರೆ, ದಡ ಬಿಟ್ಟು ಬೆಟ್ಟದ ಮೇಲೆ ಹೋಗೋಣವಾ ಅಂತ ನಿಂತು ಯೋಚಿಸುತ್ತಾರೆ. ಒಬ್ಬ ಗೆಳೆಯ ಬಂಡೆ ಸಂದಿಯಲ್ಲಿ ನಾನು ಸುಮ್ನೆ ಇಟ್ಟಿದ್ದ ಮುರುಕು ದೋಣಿಯ ಹತ್ತಿರ ಎಷ್ಟೋ ಹೊತ್ತು ಸುತ್ತಾಡಿದ್ದಾನೆ. ಅದರಲ್ಲಿ ಏನೂ ಇಲ್ಲ ಪಾಪ.

ದೀಪ ಹೊತ್ತಿದ ಮೇಲೆ ಎಲ್ಲ ಬದಲಾಗುತ್ತದೆ. ಕೆಲಸ ಮುಗಿದ ತಕ್ಷಣ ಮ್ಯಾಪ್, ವರ್ಕ್‌ಶಾಪ್ ಮೇಲೆ ಕರ್ಸರ್, ಕ್ಲಿಕ್, ಕ್ಲಿಕ್, ಏನೂ ಆಗುವುದಿಲ್ಲ, ನಿಟ್ಟುಸಿರು. ಆಮೇಲೆ ಓಡುವ ಬಟನ್ ಹಿಡಿದು ಫೋನ್ ನೋಡುತ್ತಾ ವಾಪಸ್ ಬರುತ್ತಾರೆ. ಹೆಚ್ಚುಕಡಿಮೆ ಎಲ್ಲರೂ.

ಸೇವ್ ಬಗ್ಗೆ: ವರ್ಕ್‌ಶಾಪ್‌ನಲ್ಲಿ ಮಾತ್ರ ಈಗ. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಕಬ್ಬಿಣದೋಣಿ:

ತಡವಾಗಿ ಬಂದೆ. "ಹೋಗುವುದು ಪ್ರಯಾಣ, ಬರುವುದು ಓಡಾಟ" ಅನ್ನುವುದಕ್ಕೆ ನನ್ನ ತಕರಾರು ಇದೆ.

ವಾಲ್‌ಹೈಮ್ ಆಡಿ. 2021ರಲ್ಲಿ ಬಂತು. ಅಲ್ಲಿ ನೀವೇ ಪೋರ್ಟಲ್ ಕಟ್ಟಬಹುದು, ಎರಡಕ್ಕೆ ಒಂದೇ ಹೆಸರಿಟ್ಟರೆ ಅವು ಕೂಡಿಕೊಳ್ಳುತ್ತವೆ. ಎಲ್ಲಿಂದ ಎಲ್ಲಿಗಾದರೂ ಹಾರಿ. ಆದರೆ ಕೈಯಲ್ಲಿ ಅದಿರೋ ಲೋಹವೋ ಇದ್ದರೆ ಮಾಮೂಲಿ ಮರದ ಪೋರ್ಟಲ್ ಒಳಗೆ ಬಿಡುವುದಿಲ್ಲ. ತಾಮ್ರ, ತವರ, ಕಬ್ಬಿಣ, ಏನಿದ್ದರೂ ಹಡಗಿಗೆ ತುಂಬಿ ಸಮುದ್ರದ ಮೇಲೆ ತರಬೇಕು. ಎದುರುಗಾಳಿ ಬಂದರೆ ಹುಟ್ಟು ಹಾಕುತ್ತಾ ಆಮೆಯಂತೆ ಬರಬೇಕು. ನೀರಿನಿಂದ ಸರ್ಪ ಎದ್ದರೆ ಇಡೀ ಸರಕು ತಳ ಸೇರುವ ಭಯ. ಅಲ್ಲಿ ಹೋಗುವುದು ಏನೂ ಅಲ್ಲ. ಬರುವುದೇ ದೊಡ್ಡ ಪ್ರಯಾಣ. ಬರೀ ಕೈಯಲ್ಲಿ ಹೋದ ನೀವು ಕಳೆದುಕೊಳ್ಳುವಂಥದ್ದನ್ನು ಹೊತ್ತು ಬರುತ್ತಿದ್ದೀರಿ.

2019ರ ಡೆತ್ ಸ್ಟ್ರಾಂಡಿಂಗ್ ಕೂಡ ಹೀಗೇ. ಹೆಗಲಿಗೆ ಹೊರೆ ಹೊತ್ತು, ಸಮತೋಲ ತಪ್ಪದಂತೆ ಕಲ್ಲು, ಹೊಳೆ ದಾಟುವುದೇ ಅಲ್ಲಿ ಆಟ. ಒಂದು ಹಂತದ ಮೇಲೆ ಫಾಸ್ಟ್ ಟ್ರಾವೆಲ್ ಸಿಗುತ್ತದೆ, ಆದರೆ ಸರಕು ಜೊತೆಗೆ ಬರುವುದಿಲ್ಲ. ಮನುಷ್ಯ ಹಾರಬಹುದು, ಮೂಟೆ ಹಾರುವುದಿಲ್ಲ.

ಹಾಗಾಗಿ ದಿಕ್ಕು ಮುಖ್ಯವಲ್ಲ ಹಳೇಸೇವ್ ಅಣ್ಣ, ಹೊರೆ ಮುಖ್ಯ. ದ್ವೀಪಕಾರರ ಗೇಮ್‌ನಲ್ಲಿ ಹೋಗುವಾಗ ಬೆನ್ನ ಮೇಲೆ ಬಿಡಿಭಾಗ ಇದೆ, ಬರುವಾಗ ಬೆನ್ನು ಖಾಲಿ. ಬೋರ್ ಆಗುತ್ತಿರುವುದು ಅದಕ್ಕೆ. ಬರುವಾಗಲೂ ಏನಾದರೂ ಹೊರಿಸಿ: ಒಡೆಯುವ ಹಳೇ ಗಾಜಿನ ಲೆನ್ಸ್, ತುಕ್ಕು ಹಿಡಿದ ಗೇರ್, ವರ್ಕ್‌ಶಾಪ್‌ಗೆ ತಂದರೆ ಮುಂದಿನ ದೀಪಕ್ಕೆ ಬೇಕಾಗುವಂಥದ್ದು. ಆಗ ವಾಪಸ್ ದಾರಿಯೂ ದಾರಿಯಾಗುತ್ತದೆ.

ಹಳೇಸೇವ್‌ಫೈಲ್:

ಕಬ್ಬಿಣದೋಣಿ, ಈ ಮಾತು ಒಪ್ಪುತ್ತೇನೆ, ಅರ್ಧ. ವಾಲ್‌ಹೈಮ್‌ನ ಸಮುದ್ರ ಬರುವಾಗ ಹೊಸದಾಗಿರುತ್ತದೆ: ಗಾಳಿ ತಿರುಗಿರುತ್ತದೆ, ಸರ್ಪ ಬರಬಹುದು, ಬಾರದಿರಬಹುದು. ಈ ದ್ವೀಪದ ಕಾಲುದಾರಿ ಬರುವಾಗಲೂ ಅದೇ ಕಾಲುದಾರಿ. ಅದರ ಮೇಲೆ ಗಾಜಿನ ಲೆನ್ಸ್ ಹೊರಿಸಿದರೆ ಬೋರ್ ಹೋಗುವುದಿಲ್ಲ, ಬೋರ್ ಜೊತೆ ಟೆನ್ಷನ್ ಸೇರುತ್ತದೆ ಅಷ್ಟೆ. ಅದೂ ಲೆನ್ಸ್ ಒಡೆದರೆ ಮತ್ತೆ ಹೋಗಿ ತರಬೇಕಾ? ಮಗು ಮಲಗಿಸಿ ಬಂದವರು ಕೀಬೋರ್ಡ್ ಒಡೆಯುತ್ತಾರೆ.

ನನ್ನ ಸಲಹೆ ಬೇರೆ. ವಾಪಸ್ ದಾರಿಯನ್ನು ಮೆನುವಿನಲ್ಲಿ ಕತ್ತರಿಸಬೇಡಿ, ನೆಲದಲ್ಲೇ ಕತ್ತರಿಸಿ.

2011ರ ಮೊದಲ ಡಾರ್ಕ್ ಸೋಲ್ಸ್‌ನಲ್ಲಿ ಫೈರ್‌ಲಿಂಕ್ ಅನ್ನುವ ಶುರುವಿನ ನೆಲೆಯಿಂದ ಹೊರಟು, ಸತ್ತು, ಮತ್ತೆ ಸತ್ತು, ಬೇರೆ ಲೋಕಕ್ಕೇ ಬಂದೆವು ಅಂದುಕೊಳ್ಳುವಾಗ ಚರ್ಚ್ ಪಕ್ಕ ಒಂದು ಲಿಫ್ಟ್ ಸಿಗುತ್ತದೆ. ಇಳಿದರೆ ಫೈರ್‌ಲಿಂಕ್! ಇಷ್ಟು ಹೊತ್ತು ಮೇಲಕ್ಕೆ, ಸುತ್ತಿ, ಅದರ ತಲೆಯ ಮೇಲೇ ಬಂದಿದ್ದೇವೆ ಅಂತ ಆಗ ತಿಳಿಯುತ್ತದೆ. ಆ ಗೇಮ್‌ನ ಮೊದಲರ್ಧದಲ್ಲಿ ವಾರ್ಪ್, ಅಂದರೆ ಒಂದು ಬೆಂಕಿಯಿಂದ ಇನ್ನೊಂದಕ್ಕೆ ಹಾರುವುದು, ಇಲ್ಲ. ಲಾರ್ಡ್‌ವೆಸೆಲ್ ಅನ್ನುವ ಪಾತ್ರೆ ಸಿಕ್ಕ ಮೇಲೆ ಬರುತ್ತದೆ, ಅದೂ ಕೆಲವು ಬೆಂಕಿಗಳಿಗೆ ಮಾತ್ರ. ಅಷ್ಟರಲ್ಲಿ ಜಾಗವೆಲ್ಲ ಕಾಲಿಗೆ ಗೊತ್ತಾಗಿರುತ್ತದೆ. ಮುಂದಿನ ಡಾರ್ಕ್ ಸೋಲ್ಸ್ 2ರಲ್ಲಿ ಶುರುವಿನಿಂದಲೇ ವಾರ್ಪ್ ಕೊಟ್ಟರು. ಅಲ್ಲಿ ಯಾವ ಜಾಗದ ಪಕ್ಕ ಯಾವುದಿದೆ ಅಂತ ಇವತ್ತಿಗೂ ನನ್ನ ತಲೆಯಲ್ಲಿ ಕೂತಿಲ್ಲ.

ನಿಮ್ಮ ದೀಪಸ್ತಂಭ ಎತ್ತರದಲ್ಲಿದೆ ಅಲ್ವಾ? ದೀಪ ಹೊತ್ತಿದ ಮೇಲೆ ಅಲ್ಲಿಂದ ಕೆಳಗೆ ಒಂದು ಹಗ್ಗ ಬಿಡಿ. ಜಾರಿಕೊಂಡು ಇಳಿದರೆ ಬಂದರಿನ ಕಡೆಯ ಹಾದಿ. ಮೇಲೆ ಹತ್ತಲು ಆ ಹಗ್ಗ ಬರುವುದಿಲ್ಲ. ಹೋಗುವುದು ನಡಿಗೆ, ಬರುವುದು ಅರ್ಧ ನಿಮಿಷ, ಇಡೀ ದ್ವೀಪ ಕಾಲ ಕೆಳಗೆ. ಅದೇ ನಿಮ್ಮ ಫಾಸ್ಟ್ ಟ್ರಾವೆಲ್.

ಇನ್ನೊಂದು ಮಾತು. ಬೆಟ್ಟ ಒಂದೇ ಇದೆ ಅಂದಿರಿ. ಬ್ರೆತ್ ಆಫ್ ದಿ ವೈಲ್ಡ್ ಮಾಡಿದವರು 2017ರಲ್ಲಿ ಜಪಾನಿನ ಸಿಡೆಕ್ ಡೆವಲಪರ್ ಸಮ್ಮೇಳನದಲ್ಲಿ ತಮ್ಮ ನೆಲವನ್ನು ತ್ರಿಕೋನಗಳಾಗಿ ಕಟ್ಟಿದ್ದನ್ನು ವಿವರಿಸಿದ್ದರು. ತ್ರಿಕೋನ ಎದುರಿಗಿದ್ದರೆ ಹತ್ತುವುದೋ, ಸುತ್ತುವುದೋ ಅಂತ ನೀವು ಆರಿಸಬೇಕು. ಅದರ ಹಿಂದೆ ಇರುವುದು ಕಾಣುವುದಿಲ್ಲ, ಹತ್ತಿದಾಗ ಅಥವಾ ಬಳಸಿದಾಗ ಒಮ್ಮೆಲೇ ಕಾಣುತ್ತದೆ. ಸಣ್ಣ ದಿಬ್ಬ, ಬಂಡೆ ಕೂಡ ಈ ಕೆಲಸ ಮಾಡುತ್ತವೆ. ನಿಮ್ಮ ದಾರಿಯಲ್ಲಿ ಗುರಿ ಮೊದಲಿನಿಂದ ಕೊನೆವರೆಗೂ ಕಾಣುತ್ತಾ ಇದ್ದರೆ, ಒಂಬತ್ತು ನಿಮಿಷ ನಿಜಕ್ಕೂ ಒಂಬತ್ತು ನಿಮಿಷವೇ ಅನಿಸುತ್ತದೆ.

ಕೋಡ್‌ಕೀಟ:

ಹಗ್ಗದ ಪರ ನನ್ನ ಓಟು, ಕಾರಣ ಮಾತ್ರ ಬೇರೆ. ಮ್ಯಾಪ್ ಕ್ಲಿಕ್ ಹಾಕಿದರೆ ಕೋಡ್ ನಾಲ್ಕು ಸಾಲು ಅಂತ ಅನಿಸುತ್ತದೆ. ಅಲ್ಲ. ಹಾರಿದಾಗ ಆಟದೊಳಗೆ ಎಷ್ಟು ಸಮಯ ಹೋಗಬೇಕು? ಏನೂ ಹೋಗದಿದ್ದರೆ ನಿಮ್ಮ ಉಬ್ಬರವನ್ನು ಜನ ಮೋಸದಿಂದ ದಾಟುತ್ತಾರೆ. ಒಂಬತ್ತು ನಿಮಿಷ ಹೋಗಲಿ ಅಂದರೆ ಅಷ್ಟು ಹೊತ್ತಿನ ಮಳೆ, ನೀರಿನ ಮಟ್ಟ, ದೀಪದ ಎಣ್ಣೆ ಎಲ್ಲ ಲೆಕ್ಕ ಹಾಕಿ ಮುಂದಕ್ಕೆ ತಳ್ಳಬೇಕು. 1996ರ ಡ್ಯಾಗರ್‌ಫಾಲ್ ಇದನ್ನೇ ಆಟ ಮಾಡಿಕೊಂಡಿತ್ತು. ಹೊರಡುವ ಮೊದಲೇ ಕೇಳುತ್ತದೆ: ಹುಷಾರಾಗಿಯೋ, ಅವಸರದಲ್ಲೋ? ಛತ್ರದಲ್ಲಿ ತಂಗುವುದೋ, ಬಯಲಲ್ಲೋ? ಹಡಗೋ, ಕಾಲ್ನಡಿಗೆಯೋ? ದಿನಗಳು ಕಳೆಯುತ್ತವೆ, ಕ್ವೆಸ್ಟ್‌ಗೆ ಗಡುವೂ ಇರುತ್ತದೆ. ಆ ಲೋಕ ನಡೆದು ಮುಗಿಸಲಾರದಷ್ಟು ದೊಡ್ಡದು, ಅವರಿಗೆ ಬೇರೆ ದಾರಿ ಇರಲಿಲ್ಲ. ನಿಮ್ಮದು ಸಣ್ಣ ದ್ವೀಪ, ಆ ತಲೆನೋವು ಯಾಕೆ?

ಹಗ್ಗದಲ್ಲಿ ಸಮಯ ತಾನಾಗಿಯೇ ಓಡುತ್ತಿರುತ್ತದೆ. ಲೋಡಿಂಗ್ ಕೂಡ ಇಲ್ಲ. ಒಂದೇ ಎಚ್ಚರ: ಜಾರುವ ವೇಗ ಜಾಸ್ತಿಯಾದರೆ ಕೆಳಗಿನ ಮರಗಿಡಗಳು ಕಣ್ಣೆದುರೇ ಪಟಪಟ ಅಂತ ಎದ್ದು ನಿಲ್ಲುತ್ತವೆ. ದೂರದ ಮಾದರಿಗಳನ್ನು ಮೊದಲೇ ಲೋಡ್ ಮಾಡಿಟ್ಟುಕೊಳ್ಳಿ.

ದ್ವೀಪಕಾರ:

ಒಂದು ದೀಪಸ್ತಂಭಕ್ಕೆ ಹಗ್ಗ ಕಟ್ಟಿ ನೋಡಿದೆ. ಮರಗಳು ಪಟಪಟ ಎದ್ದವು, ಕೋಡ್‌ಕೀಟ ಹೇಳಿದ ಹಾಗೇ. ಆದರೂ ಜಾರುವುದು ಮಜಾ ಇದೆ. ಮೇಲಿನಿಂದ ಹೋಗುವಾಗ ಇನ್ನೂ ಹೊತ್ತಿಸದ ದೀಪಸ್ತಂಭಗಳು ಕಾಣುತ್ತವೆ. ಹಾಗಾಗಿ ಮುಂದಿನ ದಾರಿಯ ಯೋಚನೆ ಹಗ್ಗದ ಮೇಲೇ ಶುರುವಾಗುತ್ತದೆ. ಇದು ನಾನು ಅಂದುಕೊಂಡಿರಲಿಲ್ಲ.

ಕಬ್ಬಿಣದೋಣಿ ಹೇಳಿದ ಲೆನ್ಸ್ ಕೂಡ ಬಿಡಲು ಮನಸ್ಸಿಲ್ಲ. ಈಗ ಹೀಗೆ ಯೋಚಿಸಿದ್ದೇನೆ: ಬರಿಗೈಯಲ್ಲಿದ್ದರೆ ಹಗ್ಗ. ಹಳೇ ಲೆನ್ಸ್ ಎತ್ತಿಕೊಂಡರೆ ಹಗ್ಗ ಆ ಭಾರ ತಡೆಯುವುದಿಲ್ಲ, ನಡೆದೇ ಬರಬೇಕು. ಲೆನ್ಸ್ ಕಡ್ಡಾಯ ಅಲ್ಲ, ಒಡೆಯುವುದೂ ಇಲ್ಲ. ತಂದವರಿಗೆ ಮುಂದಿನ ದೀಪ ಸ್ವಲ್ಪ ದೂರದವರೆಗೆ ಬೆಳಗುತ್ತದೆ, ರಾತ್ರಿ ದಾರಿ ಕಾಣುತ್ತದೆ.

ಮೆನು ಫಾಸ್ಟ್ ಟ್ರಾವೆಲ್ ಹಾಕುವುದಿಲ್ಲ. ಗೆಳೆಯರಿಗೆ ಇನ್ನೂ ಹೇಳಿಲ್ಲ.

ಕಬ್ಬಿಣದೋಣಿ:

ಒಡೆಯದ ಗಾಜು ಎಂಥ ಗಾಜು ಮಾರಾಯರೇ. ಆದರೂ ಸರಿ, ಟೆಸ್ಟ್ ಬಿಲ್ಡ್ ಕೊಡಿ, ಆಡಿ ನೋಡಿ ಜಗಳ ಮುಂದುವರಿಸುತ್ತೇನೆ.

ಮಗುಮಲಗಿದಮೇಲೆ:

ಸೇವ್ ಬಗ್ಗೆ ಹೇಳಲೇ ಇಲ್ಲ ನೀವು.

ದ್ವೀಪಕಾರ:

ಎಲ್ಲಿ ನಿಂತರೂ ಸೇವ್ ಆಗುತ್ತದೆ, ಹಗ್ಗದ ಮಧ್ಯದಲ್ಲಿ ಬಿಟ್ಟು. ಅಲ್ಲಿ ಸೇವ್ ಮಾಡಿ ಮತ್ತೆ ತೆರೆದರೆ ಮೆಕ್ಯಾನಿಕ್ ಗಾಳಿಯಲ್ಲಿ ನಿಂತಿರುತ್ತಾನೆ, ಆಮೇಲೆ ಸಮುದ್ರಕ್ಕೆ. ಆ ಬಗ್ ಸರಿಯಾಗುವವರೆಗೆ ಮಗಳು ಅರ್ಧ ನಿಮಿಷ ಮಲಗಿರಲಿ.

ಮಗುಮಲಗಿದಮೇಲೆ:

ಅರ್ಧ ನಿಮಿಷ ಆಗುತ್ತದೆ. ಬಿಲ್ಡ್ ನನಗೂ ಕಳಿಸಿ.